ಗಾಂಜಾ ಸೇದಿದ ಕೈ, ಜಾಲರಿ ಇಲ್ಲದ ಯಂತ್ರ

(ಗಿರಣಿ ಕಾರ್ಮಿಕರು, ಲಾರಿ ಚಾಲಕರು ಮತ್ತು ಪೇಟೆಯ ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಕರೆಯಲು ನಾವು ಓಣಿ ಓಣಿ ತಿರುಗಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಪಗಾರದ ಮಾತೋ, ಬೋನಸ್ಸಿನ ಮಾತೋ?" ಎರಡೂ ಅಲ್ಲ, ಗಾಂಜಾದ ಮಾತು ಎಂದಾಗ ಕೆಲವರು ನಕ್ಕರು. ಕೆಲವರು ಮುಖ ತಿರುಗಿಸಿದರು. ಒಬ್ಬ ಹಿರಿಯರಂತೂ, "ಮಾಸ್ತರಕಿ ಬಿಟ್ಟು ಇಷ್ಟು ವರ್ಷ ಆದರೂ ನಿಮ್ಮ ಕೈಯೊಳಗಿನ ಬೆತ್ತ ಬಿಟ್ಟಿಲ್ಲ ನೋಡ್ರಿ" ಎಂದರು. ಬೆತ್ತ ಹಿಡಿದು ಬುದ್ಧಿ ಹೇಳಲು ನಾವು ಇಲ್ಲಿ ನಿಂತಿಲ್ಲ. ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತ ಪಾಠವನ್ನು ಹೇಳುವದಕ್ಕೆ ಬಂದಿದ್ದೇವೆ.

ಹೋದ ಸುಗ್ಗಿಯ ಮಾತು. ನಮ್ಮ ಊರಿನ ಒಂದು ಜಿನ್ನಿಂಗ್ ಗಿರಣಿಯಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬ ತರುಣನ ಬಲಗೈಯ ಮೂರು ಬೆರಳು ಹೋದವು. ಆತ ನಾವು ಶಾಲೆಯಲ್ಲಿ ಅಕ್ಷರ ಕಲಿಸಿದ ಹುಡುಗ. ಮಗ್ಗಿ ಹೇಳುವದರಲ್ಲಿ ಚುರುಕು. ಬಡತನದಿಂದ ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟ. ಆಸ್ಪತ್ರೆಗೆ ಹೋಗಿ ನೋಡಿದೆವು. ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ನರ್ಸಮ್ಮ ಅತ್ತ ಹೋದ ಮೇಲೆ ಮೆಲ್ಲಗೆ ಹೇಳಿದ:

"ಮಾಸ್ತರ್ರ, ಸೇದಿದ್ದು ಖರೆ. ನಡು ರಾತ್ರಿ ಬಿಡುವಿನ್ಯಾಗ ಎರಡು ದಮ್ಮು ಎಳದಿದ್ದೆ. ಆದ್ರ ಆ ಜಾಲರಿ ಇದ್ದಿದ್ರ ಕೈ ಹೋಗ್ತಿರ್ಲಿಲ್ರಿ."

ಯಂತ್ರದ ಬಾಯಿಗೆ ಇರಬೇಕಾದ ರಕ್ಷಣೆಯ ಜಾಲರಿಯನ್ನು ದೀಪಾವಳಿಗಿಂತ ಮುಂಚೆಯೇ ತೆಗೆದು ಗೋಡೆಗೆ ಆನಿಸಿಟ್ಟಿದ್ದರು. ಜಾಲರಿ ಇದ್ದರೆ ಹತ್ತಿ ಸಿಕ್ಕಿಕೊಂಡಾಗಲೆಲ್ಲ ಯಂತ್ರ ನಿಲ್ಲಿಸಿ ಬಿಚ್ಚಬೇಕು. ಇಲ್ಲದಿದ್ದರೆ ಓಡುವ ಯಂತ್ರದಲ್ಲೇ ಕೈ ಹಾಕಿ ಬಿಡಿಸಬಹುದು. ರಾತ್ರಿಗೆ ನಾಲ್ಕಾರು ಅಂಡಿಗೆ ಹೆಚ್ಚು ಹೊರಬೀಳುತ್ತವೆ. ಇದು ಮುಕಾದಮನಿಗೆ ಗೊತ್ತಿತ್ತು, ಮ್ಯಾನೇಜರನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹುಡುಗ ಹೇಳಿದ ಮಾತಿನಲ್ಲಿ ಎರಡು ಸತ್ಯಗಳಿದ್ದವು. ನಾವು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮುಚ್ಚಿಟ್ಟೆವು. ಪರಿಹಾರದ ವಿಚಾರಣೆಯ ದಿನ, "ಈತ ಬೀಡಿ ಕೂಡ ಮುಟ್ಟುವವನಲ್ಲ" ಎಂದು ನಾವೇ ಹೇಳಿದೆವು, ನಾಲ್ಕು ಜನರಿಂದಲೂ ಹೇಳಿಸಿದೆವು. ಮಾಲೀಕನ ವಕೀಲರು ಆಸ್ಪತ್ರೆಯ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಹುಡುಗ ಡಾಕ್ಟರ ಮುಂದೆ ನಿಜ ಹೇಳಿದ್ದ, ಅವರು ಬರೆದುಕೊಂಡಿದ್ದರು. ಅಲ್ಲಿಗೆ ನಮ್ಮ ಸುಳ್ಳು ಬಯಲಾಯಿತು. ಅದರ ಜೊತೆಗೆ ಜಾಲರಿಯ ಬಗ್ಗೆ ನಾವು ಹೇಳಿದ ನಿಜವನ್ನೂ ಯಾರೂ ನಂಬಲಿಲ್ಲ. ಜಾಲರಿಯಂತೂ ಅಷ್ಟರಲ್ಲಿ ಯಂತ್ರಕ್ಕೆ ಮರಳಿ ಕೂತಿತ್ತು, ಹೊಸ ಬಣ್ಣ ಬಳಿಸಿಕೊಂಡು. ಹಂಗಾಮಿನ ಗಿರಣಿ, ಇ.ಎಸ್.ಐ. ಆಸರೆಯೂ ಇರಲಿಲ್ಲ. ಕೊನೆಗೆ ಮಾಲೀಕ ಧರ್ಮ ಮಾಡಿದಂತೆ ಕೈಯೆತ್ತಿ ಕೊಟ್ಟ ಅಲ್ಪ ಹಣವನ್ನು ತೆಗೆದುಕೊಂಡು ಆ ಹುಡುಗನ ತಾಯಿ ಮನೆಗೆ ಹೋದರು. ಹೋಗುವಾಗ, "ನೀವು ಇದ್ದದ್ದು ಇದ್ದಂಗ ಹೇಳಿದ್ರ ಚೊಲೋ ಇತ್ತೇನೋ ಮಾಸ್ತರ" ಎಂದರು. ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಕಾಯಿದೆ ಏನು ಹೇಳುತ್ತದೆ ಎಂಬದನ್ನು ಆಮೇಲೆ ಕೂತು ಓದಿದೆವು. ಮೊದಲೇ ಓದಬೇಕಿತ್ತು. 1923ರ ಕಾರ್ಮಿಕ ಪರಿಹಾರ ಕಾಯಿದೆಯಲ್ಲಿ ಒಂದು ಮಾತು ಬರೆದಿತ್ತು: ಅಪಘಾತದ ಸಮಯದಲ್ಲಿ ಕಾರ್ಮಿಕನು ಮದ್ಯದ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿದ್ದು, ಆ ಅಪಘಾತವು ನೇರವಾಗಿ ಅದರಿಂದಲೇ ಆಗಿದ್ದರೆ, ಮಾಲೀಕನು ಪರಿಹಾರ ಕೊಡಬೇಕಾಗಿಲ್ಲ. ಆದರೆ ಕಾರ್ಮಿಕ ಸತ್ತರೆ, ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲನಾದರೆ, ಅಮಲಿನ ನೆವ ಹೇಳಿ ಮಾಲೀಕ ತಪ್ಪಿಸಿಕೊಳ್ಳುವ ಹಾಗಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಉಳಿದುಕೊಂಡಿದೆ. 'ನೇರವಾಗಿ' ಎಂಬ ಶಬ್ದವನ್ನು ಗಮನಿಸಿರಿ. ಎರಡು ದಮ್ಮು ಎಳೆದದ್ದು ಹೌದು. ಆದರೆ ಬೆರಳು ತೆಗೆದದ್ದು ಜಾಲರಿ ಇಲ್ಲದ ಯಂತ್ರವೂ ಹೌದಲ್ಲವೆ ಎಂದು ವಾದಿಸಲು ಅಲ್ಲಿ ಜಾಗವಿತ್ತು. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಯಂತ್ರದ ಅಪಾಯದ ಭಾಗಗಳಿಗೆ ತಡೆ ಹಾಕಲೇಬೇಕೆಂದು ವಿಧಿಸಿತ್ತು. ಸುಳ್ಳು ಹೇಳಿ ನಾವು ಆ ಜಾಗವನ್ನೇ ಕಳೆದುಕೊಂಡೆವು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸೇದಿದ್ದನ್ನು ಮುಚ್ಚಿಟ್ಟ ಮೇಲೆ, ಸೇದುವವರ ಗುಂಪಿಗೆ ಹೋಗಿ ಮಾತಾಡುವ ಬಾಯಿ ನಮಗೆ ಇರಲಿಲ್ಲ. ಗಿರಣಿಯ ಹಿಂದಿನ ಹುಣಸೆ ಮರದ ಕೆಳಗೆ ಚಿಲುಮೆ ಸುತ್ತುತ್ತಲೇ ಇತ್ತು. ಎರಡು ತಿಂಗಳ ನಂತರ ಒಂದು ಬೆಳಗಿನ ಜಾವ, ಅದೇ ಮರದ ಕೆಳಗಿನಿಂದ ಎದ್ದು ಹೋದ ಒಬ್ಬ ಲಾರಿ ಚಾಲಕ ಅಂಗಳದಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ, ಅರಳೆ ಗುಡಿಸುತ್ತಿದ್ದ ಒಬ್ಬ ಹೆಣ್ಣುಮಗಳ ಕಾಲಿನ ಮೇಲೆ ಚಕ್ರ ಹರಿಯಿತು. ಆಕೆ ಯಾವ ಚಿಲುಮೆಯನ್ನೂ ಮುಟ್ಟಿರಲಿಲ್ಲ. ಈಗ ಕೋಲು ಹಿಡಿದು ನಡೆಯುತ್ತಾರೆ. ಇಂದಿನ ಸಭೆ ಕರೆಯಲು ಕಾರಣ ಇದು.

ಬಂಧುಗಳೆ, ಗಾಂಜಾ ನಮಗೆ ಹೊಸದಲ್ಲ. ಸಾಧುಗಳ ಕೈಯಲ್ಲಿ, ಜಾತ್ರೆಗಳಲ್ಲಿ, ಕೆಲವು ಗುಡಿಗಳ ಅಂಗಳದಲ್ಲಿ ಚಿಲುಮೆಯನ್ನು ನಮ್ಮ ಅಜ್ಜಂದಿರೂ ಕಂಡಿದ್ದಾರೆ. ಬ್ರಿಟಿಷರ ಕಾಲದಲ್ಲಿ, 1893ರಲ್ಲಿ, ಈ ಸೊಪ್ಪಿನ ಬಗ್ಗೆ ಒಂದು ದೊಡ್ಡ ಆಯೋಗ ನೇಮಕವಾಯಿತು. ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು, ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾಗಿ ಬಳಸುವವರಿಗೆ ಕೆಡುಕು. ಪೂರ್ತಿ ನಿಷೇಧ ಬೇಡ, ಹತೋಟಿ ಸಾಕು ಎಂದು 1894ರಲ್ಲಿ ವರದಿ ಕೊಟ್ಟಿತು. ಸೇದುವ ಮಿತ್ರರು ಇದನ್ನು ನಮಗೆ ತೋರಿಸುತ್ತಾರೆ. ಆ ವರದಿಯನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆಗ ನಮ್ಮ ರಸ್ತೆಗಳ ಮೇಲೆ ಲಾರಿ ಇರಲಿಲ್ಲ ಎಂಬದನ್ನು ನೆನಪಿಡಬೇಕು. ಕಟ್ಟೆಯ ಮೇಲೆ ಕೂತು ಸೇದಿದವನು ತೂಕಡಿಸಿದರೆ ಕಟ್ಟೆಗೆ ಏನೂ ಆಗುವದಿಲ್ಲ. ಇಪ್ಪತ್ತು ಟನ್ ಹೊತ್ತ ಗಾಡಿಯ ಮೇಲೆ ಕೂತು ತೂಕಡಿಸಿದರೆ ಎದುರು ಬರುವವರ ಗತಿಯೇನು?

1985ರ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಚರಸ್ ಎಂದರೆ ಅದರ ಅಂಟು. ತುದಿ ಸೇರದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಬರುವದಿಲ್ಲ. ಅದಕ್ಕಾಗಿಯೇ ಉತ್ತರದ ಕೆಲವು ರಾಜ್ಯಗಳಲ್ಲಿ ಭಂಗಿಗೆ ಅಂಗಡಿಗಳುಂಟು. ಗಾಂಜಾ ಇಟ್ಟುಕೊಳ್ಳುವದು, ಮಾರುವದು, ಸೇದುವದು ಎಲ್ಲವೂ ಅಪರಾಧ. ಆದರೂ ದೇಶದಲ್ಲಿ ಎಷ್ಟು ಜನ ಬಳಸುತ್ತಾರೆ? ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಮಂತ್ರಾಲಯ 2019ರಲ್ಲಿ ಒಂದು ಸಮೀಕ್ಷೆಯ ವರದಿ ಪ್ರಕಟಿಸಿತು. ಒಂದು ವರ್ಷದ ಅವಧಿಯಲ್ಲಿ ಭಂಗಿ, ಗಾಂಜಾ, ಚರಸ್ ಯಾವದನ್ನಾದರೂ ಬಳಸಿದವರು ಸುಮಾರು 3 ಕೋಟಿ 10 ಲಕ್ಷ. ಅವರಲ್ಲಿ ಚಟದ ತೊಂದರೆಗೆ ಸಹಾಯ ಬೇಕಾದವರು ಸುಮಾರು 72 ಲಕ್ಷ. ಮದ್ಯ ಕುಡಿಯುವವರು ಸುಮಾರು 16 ಕೋಟಿ ಎಂದೂ ಅದೇ ವರದಿ ಹೇಳಿತು. ಹೆಂಡದ ಹಾನಿ ದೊಡ್ಡದು, ಅದನ್ನು ಮರೆಯಬಾರದು. ಆದರೆ ದೊಡ್ಡ ಹಾನಿಯನ್ನು ತೋರಿಸಿ ಸಣ್ಣ ಹಾನಿಯನ್ನು ಮುಚ್ಚಿಡುವದೂ ಸರಿಯಲ್ಲ.

ಈಗ ಈ ಹೊಗೆ ದೇಹದಲ್ಲಿ ಮಾಡುವದೇನು ಎಂಬದನ್ನು ಮಾಸ್ತರಕಿಯ ರೂಢಿಯಂತೆ ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇವೆ.

ಸೇದಿದ ಕೆಲವೇ ನಿಮಿಷಗಳಲ್ಲಿ ಅಮಲು ಮಿದುಳಿಗೆ ಏರುತ್ತದೆ. ಮೊದಲ ಒಂದು ತಾಸು ಅದರ ಜೋರು ಹೆಚ್ಚು. ಪೂರ್ತಿ ಇಳಿಯಲು ಹಲವು ತಾಸು ಬೇಕು. ತಿಂದರೆ ಅಥವಾ ಕುಡಿದರೆ ಏರುವದೇ ನಿಧಾನ. ಅರ್ಧ ತಾಸಿನಿಂದ ಎರಡು ತಾಸು ಹಿಡಿಯಬಹುದು. "ಏನೂ ಆಗಲಿಲ್ಲ" ಎಂದು ಗಾಡಿ ಹತ್ತಿದವನಿಗೆ ನಡು ದಾರಿಯಲ್ಲಿ ಏರುತ್ತದೆ. ಅಮಲಿನಲ್ಲಿ ಕಾಲದ ಅಂದಾಜು ತಪ್ಪುತ್ತದೆ. ಏಕಕಾಲಕ್ಕೆ ಎರಡು ಕಡೆ ಲಕ್ಷ್ಯ ಕೊಡುವ ಶಕ್ತಿ ಕುಂದುತ್ತದೆ. ಗಾಡಿಯನ್ನು ಒಂದೇ ಸಾಲಿನಲ್ಲಿ ಹಿಡಿದು ನಡೆಸುವದು ಕಷ್ಟವಾಗುತ್ತದೆ. ಕಣ್ಣು ಕಂಡದ್ದಕ್ಕೆ ಕೈಕಾಲು ಓಗೊಡುವದು ತಡವಾಗುತ್ತದೆ.

ತಡ ಎಂದರೆ ಎಷ್ಟು? ಅರ್ಧ ಸೆಕೆಂಡು ಎಂದು ಇಟ್ಟುಕೊಳ್ಳೋಣ. ತಾಸಿಗೆ 60 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಅರ್ಧ ಸೆಕೆಂಡಿಗೆ 8 ಮೀಟರ್. ಬ್ರೇಕಿನ ಮೇಲೆ ಕಾಲು ಬೀಳುವ ಮುಂಚೆಯೇ ಎತ್ತು ಸಹಿತ ಒಂದು ಚಕ್ಕಡಿಯ ಉದ್ದ ದಾಟಿ ಹೋಯಿತು. ಅಷ್ಟು ಜಾಗದಲ್ಲಿ ಒಂದು ಮಗು ರಸ್ತೆ ದಾಟುತ್ತಿರಬಹುದು. ಯಂತ್ರದ ಬಾಯಿಗಂತೂ ಅರ್ಧ ಸೆಕೆಂಡು ಬೇಕಾಗಿಲ್ಲ.

"ನಮಗೆ ಸೇದಿದರೆ ನಿದ್ದೆ ಹಾರಿ ಹೋಗುತ್ತದೆ, ಕೈ ನೆಟ್ಟಗಾಗುತ್ತದೆ" ಎಂದು ಕೆಲವು ಚಾಲಕ ಮಿತ್ರರು ಹೇಳುತ್ತಾರೆ. ಸುಳ್ಳು ಹೇಳುತ್ತಿದ್ದಾರೆಂದು ನಾವು ಅನ್ನುವದಿಲ್ಲ. ಅವರಿಗೆ ಹಾಗೆ ಅನಿಸುತ್ತದೆ. ಅದೇ ಇದರ ಮೋಸ. 1985ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ವಿಮಾನ ಚಾಲಕರಿಗೆ ಒಂದೊಂದು ಗಾಂಜಾ ಸಿಗರೇಟು ಕೊಟ್ಟು, ನೆಲದ ಮೇಲೆಯೇ ವಿಮಾನದಂತೆ ಮಾಡಿದ ಯಂತ್ರದಲ್ಲಿ ಕೂಡಿಸಿ ಪರೀಕ್ಷೆ ಮಾಡಿದರು. ಮರುದಿನ, 24 ತಾಸಿನ ಮೇಲೆ ಮತ್ತೆ ಕೂಡಿಸಿದಾಗಲೂ ಅವರು ಇಳಿದಾಣದ ನಡುಗೆರೆಯಿಂದ ದೂರಕ್ಕೆ ಸರಿದು ಇಳಿಯುತ್ತಿದ್ದರು. ತಮ್ಮಲ್ಲಿ ಏನೂ ವ್ಯತ್ಯಾಸವಿಲ್ಲ ಎಂದೇ ಅವರಿಗೆ ಅನಿಸಿತ್ತು. ಹತ್ತು ಜನರ ಪರೀಕ್ಷೆ ಸಣ್ಣದು, ಅದನ್ನೇ ವೇದವಾಕ್ಯ ಎನ್ನಬೇಕಾಗಿಲ್ಲ. ಆದರೆ ತನ್ನ ಅಮಲನ್ನು ತಾನೇ ಅಳೆಯಲು ಬರುವದಿಲ್ಲ ಎಂಬದನ್ನು ಅದು ತೋರಿಸಿತು.

ಹಾಗೆಂದು ಇಲ್ಲದ್ದನ್ನು ಇದೆ ಎಂದು ಹೇಳಿ ನಿಮ್ಮನ್ನು ಹೆದರಿಸುವದಿಲ್ಲ. ಒಂಬತ್ತು ಅಧ್ಯಯನಗಳನ್ನು ಕೂಡಿಸಿ ನೋಡಿದ ಒಂದು ಲೇಖನ 2012ರಲ್ಲಿ ಬಂತು. ಗಾಂಜಾ ಸೇದಿ ವಾಹನ ನಡೆಸಿದರೆ ಅಪಘಾತದ ಸಂಭವ ಹೆಚ್ಚು ಕಡಿಮೆ ಎರಡು ಪಟ್ಟು ಎಂದಿತು. 2015ರಲ್ಲಿ ಅಮೆರಿಕ ಸರ್ಕಾರದ್ದೇ ಇನ್ನೊಂದು ಅಧ್ಯಯನ, ಚಾಲಕರ ವಯಸ್ಸು, ಮದ್ಯ ಮುಂತಾದವನ್ನು ಲೆಕ್ಕಕ್ಕೆ ಹಿಡಿದರೆ ಗಾಂಜಾದಿಂದ ಹೆಚ್ಚಿದ ಅಪಾಯ ಸ್ಪಷ್ಟವಾಗಿ ಕಾಣುವದಿಲ್ಲ ಎಂದಿತು. ಮದ್ಯ ಕುಡಿದವನು ಹುಂಬನಂತೆ ಓಡಿಸುತ್ತಾನೆ. ಗಾಂಜಾ ಸೇದಿದವನು ಕೆಲವೊಮ್ಮೆ ನಿಧಾನ ಮಾಡುತ್ತಾನೆ. ಆದರೆ ಎರಡೂ ಕೂಡಿದರೆ ಒಂದಕ್ಕಿಂತ ಒಂದು ಕೆಟ್ಟದ್ದು ಎಂಬದರಲ್ಲಿ ಸಂಶಯವಿಲ್ಲ. ನಮ್ಮ ಢಾಬಾಗಳಲ್ಲಿ ನಡೆಯುವದು ಹೆಚ್ಚಾಗಿ ಎರಡೂ ಕೂಡಿಯೇ ಅಲ್ಲವೆ?

ದುಡಿಮೆಯ ಜಾಗದ ಬಗ್ಗೆಯೂ ಒಂದು ಲೆಕ್ಕವಿದೆ. ಬಾಸ್ಟನ್ ನಗರದ ಅಂಚೆ ಇಲಾಖೆಗೆ ಹೊಸದಾಗಿ ಸೇರಿದ 2,537 ನೌಕರರನ್ನು ಗಮನಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಸೇರುವಾಗಿನ ಪರೀಕ್ಷೆಯಲ್ಲಿ ಗಾಂಜಾ ಕಂಡುಬಂದವರಿಗೆ ಉಳಿದವರಿಗಿಂತ ಅಪಘಾತ ನೂರಕ್ಕೆ 55ರಷ್ಟು ಹೆಚ್ಚು, ಗಾಯ 85ರಷ್ಟು ಹೆಚ್ಚು, ಗೈರುಹಾಜರಿ 78ರಷ್ಟು ಹೆಚ್ಚು. ಆದರೆ ಅಷ್ಟರ ತನಕ ಹೇಳುತ್ತ ಬಂದಿದ್ದ ದೊಡ್ಡ ದೊಡ್ಡ ಅಂಕಿಗಳಿಗಿಂತ ಇದು ಬಹಳ ಕಡಿಮೆ ಎಂದೂ ಆ ಸಂಶೋಧಕರೇ ಬರೆದರು. ಸೇದುವವರೆಲ್ಲ ರಾಕ್ಷಸರಲ್ಲ, ಸೇದಿದರೆ ಏನೂ ಆಗುವದಿಲ್ಲ ಎಂಬದೂ ನಿಜವಲ್ಲ. ನಾವು ಈ ಎರಡರ ನಡುವಿನ ಸತ್ಯವನ್ನು ಹಿಡಿಯಬೇಕು.

ಈಗ ನಮ್ಮ ಗಿರಣಿಯ ಕಥೆಗೆ ಅಣ್ಣನಂತಿರುವ ಒಂದು ದೊಡ್ಡ ಕಥೆ ಹೇಳುತ್ತೇವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಚೇಸ್ ಎಂಬ ಸಣ್ಣ ಊರು. 1987ರ ಜನವರಿ 4, ಭಾನುವಾರ. ರಜೆ ಮುಗಿಸಿ ಮನೆಗೆ ಮರಳುವ ನೂರಾರು ಜನರನ್ನು ಹೊತ್ತು ಆಮ್‌ಟ್ರ್ಯಾಕ್ ಸಂಸ್ಥೆಯ ರೈಲು ವಾಷಿಂಗ್ಟನ್ನಿನಿಂದ ಬಾಸ್ಟನ್ನಿನ ಕಡೆಗೆ ಹೊರಟಿತ್ತು. ಪಕ್ಕದ ಹಳಿಯ ಮೇಲೆ ಕಾನ್‌ರೇಲ್ ಎಂಬ ಸರಕು ಸಾಗಣೆ ಕಂಪನಿಯ ಮೂರು ಇಂಜಿನ್ನುಗಳು, ಡಬ್ಬಿಗಳಿಲ್ಲದೆ, ಅದೇ ದಿಕ್ಕಿಗೆ ಹೋಗುತ್ತಿದ್ದವು. ಮುಂದೆ ಹಳಿಗಳು ಕೂಡುವ ಜಾಗ. ಸರಕಿನ ಇಂಜಿನ್ನುಗಳಿಗೆ ನಿಲ್ಲಬೇಕೆಂಬ ಸಿಗ್ನಲ್ ಇತ್ತು. ಚಾಲಕ ಅದನ್ನು ತಡವಾಗಿ ಕಂಡ. ಬ್ರೇಕು ಹಾಕಿದರೂ ಇಂಜಿನ್ನುಗಳು ಮುಖ್ಯ ಹಳಿಯ ಮೇಲೆ ಹೋಗಿ ನಿಂತವು. ಹಿಂದಿನಿಂದ ತಾಸಿಗೆ 160 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬಂದ ಪ್ರಯಾಣಿಕರ ರೈಲು ಬಡಿಯಿತು. ಅದರ ಚಾಲಕನೂ ಸೇರಿ 16 ಜನ ಸತ್ತರು. 150ಕ್ಕೂ ಹೆಚ್ಚು ಜನ ಗಾಯಗೊಂಡರು.

ಸರಕಿನ ಇಂಜಿನ್ನಿನ ಚಾಲಕ ಮತ್ತು ಅವನ ಜೊತೆಗಾರ ಗಾಂಜಾ ಸೇದಿದ್ದರು. ಮೊದಲು ಇಲ್ಲವೆಂದರು. ಪರೀಕ್ಷೆಯಲ್ಲಿ ಕಂಡುಬಂತು. ಚಾಲಕ ನರಹತ್ಯೆಯ ಅಪರಾಧವನ್ನು ಒಪ್ಪಿಕೊಂಡು ಐದು ವರ್ಷದ ಶಿಕ್ಷೆಗೆ ಗುರಿಯಾದ.

ಪತ್ರಿಕೆಗಳು ಇಷ್ಟನ್ನೇ ದೊಡ್ಡ ಅಕ್ಷರದಲ್ಲಿ ಬರೆದವು. ಆದರೆ ತನಿಖೆಯಲ್ಲಿ ಇನ್ನೂ ಕೆಲವು ಸಂಗತಿಗಳು ಹೊರಬಂದವು. ಇಂಜಿನ್ನಿನೊಳಗೆ ಎಚ್ಚರಿಕೆ ಕೊಡುವ ಸೀಟಿಯ ಬಾಯಿಗೆ ಪಟ್ಟಿ ಅಂಟಿಸಿ ಅದರ ದನಿ ಅಡಗಿಸಲಾಗಿತ್ತು. ಒಳಗಿನ ಸಿಗ್ನಲ್ ದೀಪದಲ್ಲಿ ಒಂದು ಬಲ್ಬು ಇರಲಿಲ್ಲ. ಹೊರಡುವ ಮುಂಚೆ ಮಾಡಬೇಕಾದ ತಪಾಸಣೆಯನ್ನು ಚಾಲಕ ಸರಿಯಾಗಿ ಮಾಡಿರಲಿಲ್ಲ. ಚಾಲಕ ಎಚ್ಚರ ತಪ್ಪಿದರೂ ತಾನಾಗಿಯೇ ಬ್ರೇಕು ಹಾಕುವ ಸಾಧನ ಪ್ರಯಾಣಿಕರ ರೈಲಿಗೆ ಇತ್ತು; ಅದೇ ಹಳಿಯ ಮೇಲೆ ಓಡುವ ಆ ಸರಕಿನ ಇಂಜಿನ್ನುಗಳಿಗೆ ಇರಲಿಲ್ಲ. ಆಮೇಲೆ ಹಾಕಿಸಿದರು. ಹದಿನಾರು ಜನ ಸತ್ತ ಮೇಲೆ! ಇಂಜಿನ್ ಚಾಲಕರಿಗೆ ಸರ್ಕಾರದ ನಿಯಮದಂತೆ ಅರ್ಹತಾಪತ್ರ ಇರಬೇಕೆಂಬ ವಿಧಿಯೂ ಆ ನಂತರವೇ ಬಂತು.

ನೋಡಿದಿರಾ? ಅಲ್ಲಿ ಸೀಟಿಗೆ ಪಟ್ಟಿ, ಇಲ್ಲಿ ಗೋಡೆಗೆ ಆನಿಸಿದ ಜಾಲರಿ. ಸೇದಿದವನ ತಪ್ಪು ತಪ್ಪೇ, ಅದಕ್ಕೆ ಕ್ಷಮೆ ಇಲ್ಲ. ಆದರೆ ಮನುಷ್ಯ ಒಂದಿಲ್ಲೊಂದು ದಿನ ತಪ್ಪುತ್ತಾನೆ. ದಣಿವಿನಿಂದ, ನಿದ್ದೆಯಿಂದ, ಚಿಂತೆಯಿಂದ, ಚಿಲುಮೆಯಿಂದ. ಅವನು ತಪ್ಪಿದ ದಿನವೂ ಜೀವ ಹೋಗದ ಹಾಗೆ ಯಂತ್ರವನ್ನು ಇಡಬೇಕಾದವರು ಯಾರು? ಒಂದನ್ನು ಹೇಳಿ ಇನ್ನೊಂದನ್ನು ಬಿಡುವವನು, ಮಾಲೀಕನಾಗಲಿ ಕಾರ್ಮಿಕ ಮುಖಂಡನಾಗಲಿ, ಅರ್ಧ ಸುಳ್ಳು ಹೇಳಿದಂತೆಯೇ.

ಅಮೆರಿಕದಲ್ಲಿ ಆಮೇಲೆ ಏನಾಯಿತು ಎಂಬದೂ ನಮಗೆ ಪಾಠ. ಅಪಘಾತವಾದಾಗ ರೈಲ್ವೆ ನೌಕರರ ರಕ್ತ, ಮೂತ್ರ ಪರೀಕ್ಷೆ ಮಾಡುವ ನಿಯಮದ ವಿರುದ್ಧ ಅಲ್ಲಿನ ಕಾರ್ಮಿಕ ಸಂಘಗಳು ಕೋರ್ಟಿಗೆ ಹೋಗಿದ್ದವು. 1989ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತವು. 1991ರಲ್ಲಿ ರೈಲು, ಲಾರಿ, ಬಸ್ಸು, ವಿಮಾನ ನಡೆಸುವವರಿಗೆಲ್ಲ ಪರೀಕ್ಷೆ ಕಡ್ಡಾಯ ಮಾಡುವ ಕಾನೂನು ಬಂತು. ಸಾರ್ವಜನಿಕರ ಜೀವ ಕೈಯಲ್ಲಿ ಹಿಡಿದವರಿಗೆ ಪರೀಕ್ಷೆ ಬೇಡ ಎಂದು ನಾವು ಹೇಳಲಾರೆವು. ಆದರೆ ಇದರಲ್ಲಿ ಒಂದು ತೊಡಕಿದೆ. ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು. ಗಾಂಜಾದ ಅಮಲು ಕೆಲವು ತಾಸಿಗೆ ಇಳಿದರೂ ಅದರ ಅಂಶ ದೇಹದ ಕೊಬ್ಬಿನಲ್ಲಿ ಉಳಿದು ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇದುವವನಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುತ್ತದೆ. ಭಾನುವಾರ ಜಾತ್ರೆಯಲ್ಲಿ ಸೇದಿದವನು ಗುರುವಾರ ಯಂತ್ರದ ಮುಂದೆ ಅಮಲಿನಲ್ಲಿದ್ದ ಎಂದು ಮೂತ್ರದ ಪರೀಕ್ಷೆಯಿಂದ ಸಿದ್ಧವಾಗುವದಿಲ್ಲ. ಸಂಘ ಕಟ್ಟುವವನನ್ನು ಹೊರದಬ್ಬಲು ಮಾಲೀಕನ ಕೈಗೆ ಇದು ಒಳ್ಳೆಯ ಆಯುಧವಾಗಬಹುದು. ಆದ್ದರಿಂದ ನಮ್ಮ ಬೇಡಿಕೆ ಹೀಗಿರಬೇಕು: ಅಪಘಾತವಾದ ದಿನ ಮನುಷ್ಯನ ತಪಾಸಣೆಯೂ ಆಗಲಿ, ಯಂತ್ರದ ತಪಾಸಣೆಯೂ ಅದೇ ತಾಸಿನಲ್ಲಿ ಆಗಲಿ. ಜಾಲರಿಗೆ ಬಣ್ಣ ಹಚ್ಚಲು ಸಮಯ ಸಿಗಬಾರದು.

ರಸ್ತೆಯ ಕಾನೂನು ನಮ್ಮಲ್ಲೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಕುಡಿದು ನಡೆಸುವವನಿಗೂ, ಮಾದಕ ವಸ್ತುವಿನಿಂದ ಗಾಡಿಯ ಮೇಲೆ ಹತೋಟಿ ಕಳೆದುಕೊಂಡು ನಡೆಸುವವನಿಗೂ ಶಿಕ್ಷೆ ವಿಧಿಸುತ್ತದೆ. 2019ರ ತಿದ್ದುಪಡಿಯಿಂದ ಮೊದಲ ತಪ್ಪಿಗೆ ದಂಡ 10,000 ರೂಪಾಯಿ, ಇಲ್ಲವೆ ಆರು ತಿಂಗಳ ತನಕ ಸೆರೆ, ಇಲ್ಲವೆ ಎರಡೂ. ಮದ್ಯಕ್ಕೆ ಅಳತೆ ಇದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಊದಿಸಿ ನೋಡಿದರೆ ತಿಳಿಯುತ್ತದೆ. ಗಾಂಜಾಕ್ಕೆ ಆ ಕಲಮಿನಲ್ಲಿ ಅಂಥ ಅಳತೆ ಇಲ್ಲ. ಆದ್ದರಿಂದ ರಸ್ತೆಯಲ್ಲಿ ಹಿಡಿಯುವದು ಕಷ್ಟ. ಪೋಲೀಸರು ಹಿಡಿಯುತ್ತಾರೆಂಬ ಭಯದಿಂದ ಇದು ನಿಲ್ಲುವದಿಲ್ಲ. ನಮ್ಮ ನಮ್ಮಲ್ಲೇ ಒಂದು ಕಟ್ಟು ಬೇಕು.

ಇನ್ನು, ಮನುಷ್ಯ ಸೇದುವದೇಕೆ? ಹನ್ನೆರಡು ತಾಸು ಹತ್ತಿಯ ಧೂಳು ನುಂಗಿ, ಕಿವಿ ಗುಂಯ್‌ಗುಟ್ಟುವ ಸದ್ದಿನಲ್ಲಿ ನಿಂತವನಿಗೆ ಮನೆಗೆ ಹೋದರೂ ಹಗಲು ನಿದ್ದೆ ಹತ್ತುವದಿಲ್ಲ. ಹದಿನಾರು ತಾಸು ಗಾಡಿ ನಡೆಸಿದವನಿಗೆ ಸೊಂಟ ಬೇರೆ, ಕಾಲು ಬೇರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಬರೆದಿತ್ತು. 2020ರಲ್ಲಿ ಅದನ್ನೂ ಕಾರ್ಖಾನೆ ಕಾಯಿದೆಯನ್ನೂ ಸೇರಿಸಿ 13 ಕಾಯಿದೆಗಳನ್ನು ಒಂದೇ ಸಂಹಿತೆ ಮಾಡಿದರು. ಹಳೆಯದೋ ಹೊಸದೋ, ನಮ್ಮ ಹೆದ್ದಾರಿಯಲ್ಲಿ ಎಂಟು ತಾಸಿಗೆ ಸ್ಟಿಯರಿಂಗ್ ಬಿಟ್ಟು ಇಳಿದ ಲಾರಿ ಚಾಲಕನನ್ನು ನೀವು ಕಂಡಿದ್ದರೆ ಕೈ ಎತ್ತಿರಿ. (ನಗು.) ಯಾರೂ ಎತ್ತಲಿಲ್ಲ.

ವ್ಯಾಪಾರಿ ಮಿತ್ರರೆ, ಈಗ ನಿಮ್ಮ ಕಡೆಗೆ ಬರುತ್ತೇವೆ, ಬೇಸರ ಮಾಡಿಕೊಳ್ಳಬೇಡಿರಿ. "ಬೆಳಗು ಹರಿಯುವದರೊಳಗೆ ಮಾಲು ಅಂಗಡಿ ಮುಂದೆ ಬಿದ್ದಿರಬೇಕು, ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ" ಎಂದು ಕರಾರು ಮಾಡುವವರು ನಮ್ಮಲ್ಲೂ ಇದ್ದಾರೆ. ಆ ಮುರಿದ ನೂರಿನ್ನೂರು ರೂಪಾಯಿ ಚಾಲಕನ ನಿದ್ದೆಯ ಬೆಲೆ. ನಿದ್ದೆ ಮಾರಿಕೊಂಡವನು ಎಚ್ಚರವನ್ನು ಎಲ್ಲಿಂದ ತರಬೇಕು? ಪಾನ್ ಅಂಗಡಿಯ ತಮ್ಮಂದಿರಿಗೂ ಒಂದು ಮಾತು. ಗಲ್ಲೆಯ ಕೆಳಗೆ ಪುಡಿಕೆ ಇಟ್ಟು ಮಾರಿದರೆ ಲಾಭ ಕಾಣಬಹುದು. ಸಿಕ್ಕಿಬಿದ್ದರೆ ಜೇಲಿಗೆ ಹೋಗುವವರು ನೀವು. ಮೂಟೆಗಟ್ಟಲೆ ಸಾಗಿಸಿ ನಿಮ್ಮ ತನಕ ತಲುಪಿಸಿದವನು ತೆರೆಯ ಹಿಂದೆಯೇ ಉಳಿಯುತ್ತಾನೆ. ಅಷ್ಟಕ್ಕೂ ಆ ಪುಡಿಕೆ ಕೊಳ್ಳುವವರು ಯಾರ ಮಕ್ಕಳು? ಹದಿಹರೆಯದಲ್ಲಿ ಹತ್ತಿದ ಈ ಚಟ ಬೆಳೆಯುವ ಮಿದುಳಿಗೆ ಹೆಚ್ಚು ಕೆಡುಕು. ಕೆಲವರಿಗೆ ಬುದ್ಧಿಭ್ರಮಣೆಯ ತನಕ ಹೋಗುತ್ತದೆ.

ಹಾಗಾದರೆ ಮಾಡುವದೇನು? ನಾಲ್ಕು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಒಂದು: ಸೇದಿದವನು ಆ ಪಾಳಿಗೆ ಯಂತ್ರ ಮುಟ್ಟಬಾರದು, ಗಾಡಿ ಹತ್ತಬಾರದು. ಜೊತೆಯವರೇ ಅವನನ್ನು ಪಕ್ಕಕ್ಕೆ ಕೂಡಿಸಬೇಕು. ಮುಕಾದಮನಿಗೆ ಚಾಡಿ ಹೇಳುವದು ಬೇಡ. ಅವನ ಜಾಗಕ್ಕೆ ಇನ್ನೊಬ್ಬ ನಿಲ್ಲಲಿ, ಲೆಕ್ಕ ಆಮೇಲೆ ನಮ್ಮೊಳಗೇ ತೀರಲಿ. ಗೆಳೆಯನನ್ನು ಕಾಪಾಡುವದೆಂದರೆ ಇದು. ನಾವು ಮಾಡಿದ ಹಾಗೆ ಬಿದ್ದ ಮೇಲೆ ಸುಳ್ಳು ಹೇಳುವದಲ್ಲ.

ಎರಡು: ಪ್ರತಿ ಪಾಳಿಯ ಆರಂಭದಲ್ಲಿ ಇಬ್ಬರು ಕಾರ್ಮಿಕರು ಜಾಲರಿ, ಪಟ್ಟಾ, ನಿಲ್ಲಿಸುವ ಗುಂಡಿ ನೋಡಿ ಒಂದು ವಹಿಯಲ್ಲಿ ಬರೆದು ಸಹಿ ಹಾಕಬೇಕು. ಎರಡು ರೂಪಾಯಿಯ ಪೆನ್ನು ಸಾಕು. ಅಂಥ ವಹಿ ಅಂದು ಇದ್ದಿದ್ದರೆ ನಮ್ಮ ಹುಡುಗನಿಗೆ ಸಾಕ್ಷಿ ಇರುತ್ತಿತ್ತು. ಜಾಲರಿ ಇಲ್ಲದ ಯಂತ್ರವನ್ನು ಯಾರೂ ಚಾಲೂ ಮಾಡಬಾರದು.

ಮೂರು: ರಾತ್ರಿಯ ದೂರದ ಬಾಡಿಗೆಗೆ ಇಬ್ಬರು ಚಾಲಕರು ಇರಬೇಕು. ಮಾರ್ಕೆಟ್ ಯಾರ್ಡಿನಲ್ಲಿ ಚಾಲಕರಿಗೆ ಮಲಗಲು ಒಂದು ಕೋಣೆ, ಸ್ನಾನಕ್ಕೆ ನೀರು ಬೇಕು. ಈ ಬೇಡಿಕೆಗೆ ವ್ಯಾಪಾರಿಗಳೂ ಸಹಿ ಹಾಕಬೇಕು. ಮಾಲು ನಿಮ್ಮದು, ದಾರಿಯಲ್ಲಿ ಮಗುಚಿದರೆ ನಷ್ಟವೂ ನಿಮ್ಮದು.

ನಾಲ್ಕು: ಬಿಡಬೇಕೆನ್ನುವವನಿಗೆ ನಾಚಿಕೆಯಾಗಬಾರದು. ಬಿಟ್ಟ ಮೊದಲ ವಾರ ಎರಡು ವಾರ ನಿದ್ದೆ ಬರುವದಿಲ್ಲ, ಊಟ ಸೇರುವದಿಲ್ಲ, ಮನೆಯವರ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ಇಳಿಯುತ್ತದೆ. ತಾಯಂದಿರು ಇದನ್ನು ತಿಳಿದಿರಬೇಕು. ಸರ್ಕಾರದ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿರಿ. 14446 ಎಂಬ ಸಂಖ್ಯೆಗೆ ಹಣ ಖರ್ಚಿಲ್ಲದೆ ಫೋನು ಮಾಡಬಹುದು. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ, ಸೇದಿದ್ದಕ್ಕಾಗಿ ಅಥವಾ ಸ್ವಲ್ಪ ಇಟ್ಟುಕೊಂಡದ್ದಕ್ಕಾಗಿ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಲಮು 1985ರ ಕಾಯಿದೆಯಲ್ಲೇ ಇದೆ, 64-ಎ ಎಂದು.

ಕೊನೆಗೆ ಒಂದು ಮಾತು. ಆ ಹುಡುಗ ಈ ಸಭೆಯಲ್ಲೇ ಇದ್ದಾನೆ. ಇಂದು ಹೇಳಿದ್ದನ್ನೆಲ್ಲ ಅವನನ್ನು ಕೇಳಿ, ಅವನ ಒಪ್ಪಿಗೆ ಪಡೆದೇ ಹೇಳಿದ್ದೇವೆ. "ಹೆಸರು ಹೇಳಬ್ಯಾಡ್ರಿ, ಉಳಿದದ್ದು ಎಲ್ಲಾ ಹೇಳ್ರಿ ಮಾಸ್ತರ್ರ" ಎಂದ. ಎಡಗೈಯಲ್ಲಿ ಬರೆಯುವದನ್ನು ಈಗ ಕಲಿಯುತ್ತಿದ್ದಾನೆ. ಸಂಜೆ ನಮ್ಮ ಮನೆಗೆ ಬರುತ್ತಾನೆ, ಕಾಪಿ ಬರೆಯುತ್ತಾನೆ. ಚಿಲುಮೆ ಬಿಟ್ಟು ಏಳು ತಿಂಗಳಾಯಿತು. ಎರಡನೆಯ ಮಾತಿನಲ್ಲಿ ಹೇಳಿದೆವಲ್ಲ, ಜಾಲರಿಯ ವಹಿ; ಅದರ ಮೊದಲ ಹಾಳೆಯ ಗೆರೆಗಳನ್ನು ಹಾಕಿ ತಲೆಬರಹ ಬರೆದವನು ಅವನೇ. ಅಕ್ಷರ ಸೊಟ್ಟಗಿವೆ, ಓದಲು ಬರುತ್ತವೆ.

ಆ ವಹಿ ಇಲ್ಲಿ ಮೇಜಿನ ಮೇಲೆ ಇದೆ. ನಾಳೆಯ ಮೊದಲ ಪಾಳಿಗೆ ಸಹಿ ಹಾಕುವ ಇಬ್ಬರು ಯಾರು? ಸಭೆ ಮುಗಿಯುವ ಮುಂಚೆ ಮುಂದೆ ಬನ್ನಿರಿ.